ಕೌದಿಯ ನಡುವಿನ ತುಂಡು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಈ ಬೇಸಿಗೆಯಲ್ಲಿ ಕಮಲಾಪುರದಲ್ಲಿ ತೀರಿಕೊಂಡಳು. ನಾನು ಅಳಲಿಲ್ಲ. ಶಾಕ್ ಇರಬೇಕು ಅಂದರು ಮಂದಿ. ಗಾಜಿಪುರದ ಮನೆಗೆ ಬಂದು ಸ್ನಾನ ಮಾಡಿ, ಅರ್ಧ ಮಾಡಿಟ್ಟಿದ್ದ ಪಿಲ್ಲೋ ಕವರ್ ಎತ್ತಿಕೊಂಡು ಸ್ಯಾಟಿನ್ ಸ್ಟಿಚ್ ಹಾಕುತ್ತಾ ಕೂತೆ. ಎಲೆ ಹಸಿರು, ಹೂವು ಗುಲಾಬಿ. ಬಣ್ಣಗಳು ಕಾಣುತ್ತಿದ್ದವು, ಅಷ್ಟೇ.

ಹೊಲಿಗೆ ನನಗೆ ಕಾನ್ವೆಂಟಿನಲ್ಲಿ ಹತ್ತಿದ ಹಾಬಿ. ಅಲ್ಲಿಯ ಸಿಸ್ಟರ್ ಬಟ್ಟೆ ತಿರುವಿ, ಹಿಂಭಾಗ ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ನೆಗೆಣ್ಣಿಗೆ ಹಾಬಿ ಎಂಬ ಶಬ್ದವೇ ಬೇಕಿರಲಿಲ್ಲ. ಊಟವಾದ ಮೇಲಿನ ಹೊತ್ತೆಂದರೆ ಅವಳಿಗೆ ಕೌದಿ, ಹೆಚ್ಚಾಗಿ ಬಂಧುಗಳ ಕೂಸುಗಳಿಗೆ. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುವುದು. ನಾನು ಹೋದಾಗಲೆಲ್ಲ ಒಂದು ಅಂಚಿಗೆ ನಾನು, ಎದುರಿನ ಅಂಚಿಗೆ ಅವಳು. ಅವಳು ಉದ್ದಕ್ಕೆ ಹೋಗಿ ತಿರುಗಿದರೂ ನಾನಿನ್ನೂ ಮೂಲೆ ಮುಟ್ಟಿರುತ್ತಿರಲಿಲ್ಲ.

“ಅಕ್ಕಾ, ಕೌದಿ ಅದು, ಕರ್ಚೀಫ್ ಅಲ್ಲ! ನೀ ಹಿಂಗ ಹೊಲದ್ರ ಕೂಸು ಮದಿವಿ ಆಗಿ ಗಂಡನ ಮನಿಗಿ ಹೋಗ್ತದ,” ಅನ್ನುತ್ತಿದ್ದಳು.

“ಹಿಂದ ತಿರುವಿ ನೋಡು, ಎಷ್ಟ್ ನೀಟ್ ಅದ.”

“ಹಿಂದ ಯಾರ್ ನೋಡ್ತಾರ? ಕೂಸೇನ್ ನೋಡಿ ಉಚ್ಚಿ ಹೊಯ್ತದ?”

ಅವಳು ತೀರಿಹೋದ ಮೇಲೆ ಒಂದು ದಿನ ಅವಳ ಮಗಳು ಬಂದಳು. ಬಸುರಿ, ದಿನ ತುಂಬುತ್ತಾ ಬಂದಿತ್ತು. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ, ಕಂಕುಳಲ್ಲಿ ಚಿಕ್ಕದೊಂದು ಕೌದಿ. ಹುಟ್ಟುವ ಕೂಸಿಗೆಂದು ತಾಯಿ ಶುರು ಮಾಡಿದ್ದು. ಸೂಜಿ ದಾರದ ಸಮೇತ ಅದರಲ್ಲೇ ಚುಚ್ಚಿಕೊಂಡಿತ್ತು.

“ದೊಡ್ಡವ್ವ, ನಮ್ಮ ಅತ್ತಿ ಇದನ್ನ ಹಾಸಬ್ಯಾಡ ಅನ್ನಾಕತ್ತಾರ. ಸತ್ತಾಕಿ ಅರ್ಧಾಕ್ಕ ಬಿಟ್ಟದ್ದು ಕೂಸಿಗಿ ಆಗಂಗಿಲ್ಲಂತ.”

“ಪೂರಾ ಮಾಡಿದ್ರ?”

“ಆಗ ನೋಡಾನು ಅಂದಾರ. ನನಗ ಸೂಜಿ ಹಿಡ್ಯಾಕ ಬರಂಗಿಲ್ಲ, ನಿಮಗ ಗೊತ್ತದ. ಅವ್ವ ಕೈಯಾರ ಹೊಲದದ್ದು ನನ್ನ ಕೂಸಿಗಿ ಇದೊಂದೇ ಅದ.”

ತೆಗೆದುಕೊಂಡೆ. ಜಗತ್ ಬಜಾರಿಗೆ ಹೋಗಿ ಕೆಂಪು ದಾರ ತಂದೆ. ಮ್ಯಾಚ್ ಆಗಲಿಲ್ಲ, ಒಂದು ಶೇಡ್ ಡಾರ್ಕ್. ಮೊದಲು ನೆಗೆಣ್ಣಿಯ ಸೂಜಿಯಲ್ಲಿ ಉಳಿದಿದ್ದ ದಾರದಿಂದಲೇ ಮುಂದುವರಿದೆ. ಗೇಣಿಗಿಂತ ಸ್ವಲ್ಪ ಹೆಚ್ಚಿತ್ತು. ಒಂದು ತುಂಡಿನ ಒಂದು ಬದಿಗೆ ತೀರಿತು. ಗಂಟು ಹಾಕಿ ಕತ್ತರಿಸಿದೆ. ಏನಾದರೂ ಅನಿಸೀತೇನೋ ಎಂದು ಕಾದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಎದ್ದು ಆಫ್ ಮಾಡಿ ಬಂದೆ.

ಅವಳ ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ, ಓರೆ. ನನ್ನದು ಅದರ ಅರ್ಧ. ಬೇಕೆಂದೇ ದೊಡ್ಡದಾಗಿ ಹಾಕಲು ನೋಡಿದೆ, ಕೈ ಒಪ್ಪಲಿಲ್ಲ. ಬಿಟ್ಟೆ. ಅವಳು ಎಲ್ಲಿ ನಿಂತಳು, ನಾನು ಎಲ್ಲಿ ಹಿಡಿದೆ ಎಂಬುದು ಕಣ್ಣು ಮುಚ್ಚಿ ಸವರಿದರೂ ತಿಳಿಯುತ್ತದೆ. ಮಧ್ಯಾಹ್ನಗಳು ಹೋದವು. ಸುಖವಾಗಿತ್ತು ಅನ್ನಲಾರೆ, ಕಷ್ಟವೂ ಅಲ್ಲ. ಸೂಜಿ ಹೋಗುತ್ತಿತ್ತು, ಬರುತ್ತಿತ್ತು.

ನಡುವಿನ ತುಂಡೊಂದು ಉಳಿದಾಗ ಫೋನ್ ಮಾಡಿದೆ. ಹುಡುಗಿಯ ಜೊತೆ ಅವಳ ಅತ್ತೆ, ನಮ್ಮ ಬೀಗತಿಯೂ ಬಂದರು. ಕೌದಿಯನ್ನು ತೊಡೆಯ ಮೇಲೆ ಹರವಿ ಬೆರಳಾಡಿಸಿದರು. ನೆಗೆಣ್ಣಿಯ ಹೊಲಿಗೆ ಮುಗಿದ ಕಡೆ ಬೆರಳು ನಿಂತಿತು.

“ಇಲ್ಲಿತನಾ ಆಕೀದು?”

“ಹೂಂ.”

“ನಿಮ್ಮದು ಭಾಳ ಸಣ್ಣ ಅದ ಬಿಡ್ರಿ. ಮಷೀನ್ ಹೊಲದಂಗ.”

ಕಾಂಪ್ಲಿಮೆಂಟೋ ಕುಟುಕೋ ತಿಳಿಯಲಿಲ್ಲ. ಹುಡುಗಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

“ಮನ್ಯಾಗ ರೊಟ್ಟಿ ಅದ ಏನ್ರಿ?” ಅಂದರು ಬೀಗತಿ.

ನಮ್ಮ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ತುಂಡಿನ ಕೆಳಗೆ ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿ ಯಾವ ಮನೆಯದೋ ಆ ಮನೆಯ ಹಿರಿಯಳೇ ಇಡಬೇಕು. ಬೆಳಿಗ್ಗೆಯ ರೊಟ್ಟಿ ತಂದುಕೊಟ್ಟೆ.

“ಅಯ್ಯ, ಮೆತ್ತಂದು ಬ್ಯಾಡ್ರೀ, ಇರಬಿ ಹತ್ತತಾವ. ಕಟಕ ರೊಟ್ಟಿ ಕೊಡ್ರಿ.”

ಒಣಗಿದ್ದನ್ನು ಕೊಟ್ಟೆ. ಉಗುರಿನಷ್ಟು ಮುರಿದು ತಾವೇ ಇಟ್ಟರು. “ಉಣ್ಣವಾ,” ಅಂದರು ಕೌದಿಗೆ. ಹುಡುಗಿ ಅಳತೊಡಗಿದಳು.

“ಏ, ಸುಮ್ಮಕಿರು, ಬಸ್ ಹೋಗ್ತದ. ಹೊಲೀರಿ ನೀವು, ಏನ್ ನೋಡಾಕತ್ತೀರಿ?”

ಹೊಲಿದೆ. ಸೂಜಿಯ ಕೆಳಗೆ ರೊಟ್ಟಿ ಪುಡಿಯಾದ ಸದ್ದು ಕೇಳಿಸಿತು. ನಾಲ್ಕೂ ಬದಿ ಮುಗಿಸಿ ದಾರ ಕಡಿದೆ. ಬೀಗತಿ ಕೌದಿಯನ್ನು ಮಡಚಿದರು. ಸೊಸೆ ಕೈ ಚಾಚಿದರೂ ಕೊಡದೆ, ತಮ್ಮ ಚೀಲದಲ್ಲೇ, ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು.