ಆಫ್ರಿಕಾದ ವಿಧವೆಗೆ ಅತ್ತವರು

ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಹಾನಗಲ್ಲಿನಲ್ಲಿ ನಾವೊಂದಿಷ್ಟು ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪುಸ್ತಕ ಓದುತ್ತೇವೆ. ಹೋದ ವರ್ಷ ಹಿರೇಕೆರೂರಿನಿಂದ ನನ್ನ ಅಕ್ಕನನ್ನೂ ಎಳೆದುಕೊಂಡು ಹೋದೆ. ಭಾವ ತೀರಿಕೊಂಡ ಮೇಲೆ ಆಕೆ ಹೊಸ್ತಿಲು ದಾಟಿದ್ದೇ ಕಡಿಮೆ. ನಾಲ್ಕು ಮಂದಿಯ ನಡುವೆ ಕೂತು ಮಾತಾಡಿದರೆ ಮತ್ತೆ ಮೊದಲಿನ ಹಾಗಾದಾಳು ಎಂಬ ಆಸೆ ನನಗೆ.

ಆ ತಿಂಗಳ ಪುಸ್ತಕ ಪಶ್ಚಿಮ ಆಫ್ರಿಕಾದ ಲೇಖಕಿಯೊಬ್ಬಳ ಹೊಸ ಕಾದಂಬರಿ, ಕನ್ನಡಕ್ಕೆ ಬಂದದ್ದು. ಮೊಬೈಲ್ ಅಂಗಡಿ ನಡೆಸುವ ಹೆಂಗಸೊಬ್ಬಳ ಗಂಡ ಸಾಯುತ್ತಾನೆ. ಗಂಡನ ಕಡೆಯವರು ಆಕೆಯ ತಲೆ ಬೋಳಿಸಿ ಕೋಣೆಯಲ್ಲಿ ಕೂರಿಸುತ್ತಾರೆ. ಆಕೆಯೋ, ಹೊದ್ದ ಬಟ್ಟೆಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫುಟ್‌ಬಾಲ್ ಕಾಮೆಂಟರಿ ಕೇಳುತ್ತಾಳೆ; ಗೋಲು ಬಿದ್ದಾಗ ಉಕ್ಕಿಬಂದ ಕೂಗನ್ನು ಅಳುವಾಗಿ ತಿರುಗಿಸುತ್ತಾಳೆ. ಅತ್ತೆ ಮೆಚ್ಚಿ ತಲೆದೂಗುತ್ತಾಳೆ. ಅಕ್ಕ ಆ ಪುಟವನ್ನು ಎಲ್ಲರಿಗೂ ಓದಿ ಹೇಳುತ್ತ ತಾನೇ ನಕ್ಕುಬಿಟ್ಟಳು. ಎಷ್ಟು ದಿನದ ಮೇಲೆ ಆ ನಗು ಕೇಳಿದ್ದೆ!

ನಕ್ಕವರು ನಾವಿಬ್ಬರೇ. ಉಳಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಅಯ್ಯ ಶಿವನ, ಎಂಥಾ ಹಿಂದುಳಿದ ಮಂದಿರೀ!" ಎಂದರು ಆ ಮನೆಯೊಡತಿ, ನಿವೃತ್ತ ಶಿಕ್ಷಕಿ. "ಗಂಡ ಸತ್ರ ಅದ್ರಾಗ ಆಕಿದೇನ್ ತಪ್ಪರೀ?"

"ತಪ್ಪಿಲ್ಲರಿ. ಆದ್ರ ಈಕಿ ಬರೇ ಅಳೂ ಹೆಣ್ಣಲ್ಲ, ಭಾರಿ ಕಿಲಾಡಿ ಅದಾಳ," ಎಂದಳು ಅಕ್ಕ.

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವರಿಗೆ ಆಫ್ರಿಕಾ ಎಂದರೆ ಮರುಗುವುದಕ್ಕೊಂದು ಜಾಗ, ಅಷ್ಟೆ. ಅಲ್ಲಿಯ ಲೇಖಕಿ ನಗಿಸಲೆಂದೇ ಬರೆದರೂ ಇವರು ಹಟ ಹಿಡಿದು ಅಳುತ್ತಾರೆ!

ಚಹಾ ಆಯಿತು. ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಕ್ಕಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಒಡತಿ ತಟ್ಟೆ ತಂದರು: ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಖಣ. ಒಬ್ಬೊಬ್ಬರ ಸೆರಗಿಗೂ ಹಾಕುತ್ತ ಬಂದರು. ಸವಣೂರಿನಿಂದ ಬಂದಿದ್ದ ಮುಸ್ಲಿಂ ಗೆಳತಿಗೂ ಪ್ರೀತಿಯಿಂದ ತುಂಬಿದರು. ನನಗೂ ತುಂಬಿದರು. ಪಕ್ಕದಲ್ಲಿದ್ದ ಅಕ್ಕನನ್ನು ದಾಟಿ ಆಚೆಯವರ ಮುಂದೆ ನಿಂತರು. ಗಂಡನಿಲ್ಲದವರಿಗೆ ಉಡಿ ತುಂಬಬಾರದಂತೆ! ಅಷ್ಟೆಲ್ಲ ಕಣ್ಣೀರು ನೋಡಿದ ಮೇಲೆ ಈ ಮನೆಯಲ್ಲಾದರೂ ತನಗೆ ತುಂಬಿಯಾರು ಎಂದುಕೊಂಡಿದ್ದಳೋ ಏನೋ, ಅಕ್ಕ ಸೆರಗು ಒಡ್ಡಲು ಕೈಗೆ ತೆಗೆದುಕೊಂಡಿದ್ದಳು. ಮೆಲ್ಲಗೆ ಅದನ್ನೇ ಹೆಗಲ ಮೇಲೆ ಹೊದ್ದುಕೊಂಡಳು.

ನನ್ನ ಪಿತ್ತ ನೆತ್ತಿಗೇರಿತು.

"ಯಾಕ್ರೀ ಬಾಯಾರ, ಈಕಿ ಕಾಣಲಿಲ್ಲೇನ್ರಿ?"

"ಸಿಟ್ಟಾಗಬ್ಯಾಡವಾ. ಪದ್ಧತಿ ಹಂಗೈತಿ, ನಾ ಏನ್ ಮಾಡ್ಲಿ? ಅಕ್ಕಾರಿಗೆ ಬಾಳೆಹಣ್ಣು ಕೊಡ್ತೇನಿ."

"ಬಾಳೆಹಣ್ಣು ನೀವ ತಿನ್ರಿ! ಈಗ ಕಣ್ಣೀರು ಸುರಿಸಿದ್ರಲ್ಲ, ಯಾರ ಸಲುವಾಗಿ? ನಾಚಿಕಿ ಬರೂದಿಲ್ಲೇನ್ರಿ?"

ಉಡಿಯಲ್ಲಿದ್ದುದನ್ನೆಲ್ಲ ಅವರ ಟೀಪಾಯಿಯ ಮೇಲೆ, ಆ ಕಾದಂಬರಿಯ ಮೇಲೆಯೇ ಸುರಿದು, ಅಕ್ಕನ ಕೈ ಹಿಡಿದು ಹೊರಬಿದ್ದೆ.

ಹಿರೇಕೆರೂರಿನ ಬಸ್ಸು ಹತ್ತಿದ ಮೇಲೂ ನನ್ನ ಬೈಗುಳ ನಿಲ್ಲಲಿಲ್ಲ. ಅಕ್ಕನ ಪರವಾಗಿ ಜಗಳವಾಡಿ ಗೆದ್ದ ಹೆಮ್ಮೆ ಬೇರೆ.

"ಮುಖಕ್ಕ ಹೊಡದಂಗ ಸುರುವಿ ಬಂದ್ನಿ, ಹೆಂಗ?" ಎಂದೆ.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು.

"ನಿನಗೇನವಾ, ಬ್ಯಾಡಂತ ಸುರುವಿ ಬಂದಿ. ನಾಳೆ ಮತ್ತೊಬ್ರು ತುಂಬತಾರ," ಎಂದಳು. "ನನಗ ಬೇಕಾಗಿತ್ತು."