ಅರಿಶಿನವೋ, ಬಗ್ಗಡವೋ

ಹೆಸರು ಕುಳ್ಳಮ್ಮ; ಆಳು ಮಾತ್ರ ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಲೇಬೇಕು, ಅಷ್ಟು ಎತ್ತರ. ಹಾರನಹಳ್ಳಿ ಕಡೆಯ ಒಂದು ಊರಿನಲ್ಲಿ ಅವಳ ಗಂಡ ಕೆರೆಯ ನೀರುಗಂಟಿಯಾಗಿದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬು ಯಾವಾಗ ಎತ್ತಬೇಕು, ಏರಿ ಎಲ್ಲಿ ಸೊರಗಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಇವಿಷ್ಟೂ ಗೊತ್ತಿದ್ದವಳು ಊರಲ್ಲಿ ಅವಳೊಬ್ಬಳೇ ಆದ್ದರಿಂದ ಪಟೇಲರು ಗೊಣಗಿಕೊಂಡೇ ಆ ಕೆಲಸವನ್ನು ಅವಳ ಕೈಗೆ ಬಿಟ್ಟಿದ್ದರು.

ಅನುಮಾನ ಅವಳ ಹುಟ್ಟುಗುಣ. ಸಂತೆಯಲ್ಲಿ ರಾಗಿ ಅಳೆಯುವವನ ಕೈಯಿಂದ ಸೇರನ್ನೇ ಕಿತ್ತುಕೊಂಡು ತಳ ತಟ್ಟಿ ನೋಡುವಳು. ಜ್ವರವೆಂದು ಮಲಗಿದವರ ಹಣೆ ಮುಟ್ಟದೆ ಅಯ್ಯೋ ಪಾಪ ಎನ್ನಳು. ಮಗಳು ಭಾಗ್ಯಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದಾಗ, "ಒಸಿ ಓಡಿ ತೋರ್ಸಪ್ಪ, ಕಾಲು ನೆಟ್ಟಗದಾವಾ ನೋಡಾನ" ಎಂದು ವರನನ್ನೇ ಕಣದ ಸುತ್ತ ಓಡಿಸಿದ ಹೆಣ್ಣು. ಪುಣ್ಯಾತ್ಮ ಓಡಿದ, ಮದುವೆಯೂ ಆಯಿತು. ಭಾಗ್ಯಮ್ಮ ಅಂತರಸಂತೆಯಾಚೆಗಿನ ಮತ್ತಿಪಾಳ್ಯವೆಂಬ ಹನ್ನೆರಡು ಮನೆಗಳ ಹಟ್ಟಿಗೆ ಸೊಸೆಯಾಗಿ ಹೋದಳು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ಕೂಸು ಹುಟ್ಟಿ ಐದು ತಿಂಗಳು ಕಳೆದ ಮೇಲೆ, ಶ್ರಾವಣದ ಮಳೆಯ ನಡುವೆ, ಕೂಸು ತೊಟ್ಟಿಲು ಸಮೇತ ಗಾಡಿ ಕಟ್ಟಿಸಿ ಕುಳ್ಳಮ್ಮ ಮತ್ತಿಪಾಳ್ಯಕ್ಕೆ ಕರೆತಂದಳು. ೧೯೩೬ರ ಸುಮಾರಿನ ಮಾತು. ಹಟ್ಟಿ ಕಣ್ಣಿಗೆ ಬೀಳುವ ಮೊದಲೇ ಅದರ ತಲೆಯ ಮೇಲೆ ನಿಂತಿದ್ದ ಕಟ್ಟೆ ಕಂಡಿತು. ಮದುವೆಯ ಹೊತ್ತಿಗೆ ಅಲ್ಲಿದ್ದದ್ದು ಬರೀ ಹಳ್ಳ.

ಕಟ್ಟೆ ಶಿವನಂಜಪ್ಪನವರದು. ಹುಣಸೂರಿನ ಮರದ ಕಂಟ್ರಾಕ್ಟರು. ತೇಗದಲ್ಲಿ ಚೆನ್ನಾಗಿ ದುಡ್ಡು ಕುದುರಿಸಿದವರು. ಮೈಸೂರಿನಿಂದ ಬರುವ ದೊಡ್ಡ ಮನುಷ್ಯರನ್ನು ದೋಣಿಯಲ್ಲಿ ಕೂರಿಸಿ, ಮೀನು ಹಿಡಿಸಿ, ದಡದ ಮಂಟಪದಲ್ಲಿ ಊಟ ಹಾಕಿಸುವುದು ಅವರ ಷೋಕಿ. ಅದಕ್ಕಾಗಿ ಸ್ವಂತ ಜಮೀನಿನಲ್ಲಿ ಹಳ್ಳಕ್ಕೆ ಅಡ್ಡ ಏರಿ ಹಾಕಿಸಿದ್ದರು. ಒಂದು ಗದ್ದೆಗೂ ಅದರ ನೀರಿಲ್ಲ. ಪಕ್ಕದ ದಿಣ್ಣೆಯ ಹಳದಿ ಗರಸು ಮಣ್ಣನ್ನೇ ಅಗೆದು ಸುರಿದಿದ್ದರೆಂಬುದು ಗಾಡಿಯಲ್ಲಿ ಕುಳಿತೇ ಕುಳ್ಳಮ್ಮನಿಗೆ ಗೊತ್ತಾಯಿತು. ಒಳಗೆ ನೀರು ತಡೆಯುವ ಜೇಡಿಮಣ್ಣು ಹಾಕಿ ತುಳಿಸಿದ್ದಾರೋ ಇಲ್ಲವೋ ಎಂದು ಕೇಳಿದರೆ ಹಟ್ಟಿಯಲ್ಲಿ ಒಬ್ಬರಿಗೂ ತಿಳಿಯದು.

ಮಗಳ ಮನೆ ಏರಿಯ ಬುಡಕ್ಕೆ ಎಲ್ಲರಿಗಿಂತ ಹತ್ತಿರ. ಹಿತ್ತಿಲಿಗೆ ಹೋಗಿ ನೋಡುತ್ತಾಳೆ, ಏರಿಯ ಬುಡದಲ್ಲಿ ಒಂದು ಒರತೆ. ಸುತ್ತ ಹೂವು, ಬಳೆ, ಕುಂಕುಮ. ಆಷಾಢದಲ್ಲಿ ಗಂಗಮ್ಮ ತಾನಾಗಿ ಮೂಡಿದಳಂತೆ. ದಿನಾ ಬೆಳಗ್ಗೆ ಒಂದು ಕೊಡ ಅರಿಶಿನದ ನೀರು ಎರೆದು ಪೂಜೆ ಮಾಡುವವಳು ಭಾಗ್ಯಮ್ಮನ ಅತ್ತೆ ದೊಡ್ಡತಾಯಮ್ಮ. ಅಲ್ಲಿಯತನಕ ಆಕೆಯನ್ನು ಕೇಳುವವರಿರಲಿಲ್ಲ. ಈಗ ಅಂತರಸಂತೆಯಿಂದಲೂ ಹೆಂಗಸರು ಹುಡುಕಿಕೊಂಡು ಬಂದು ಕಾಲಿಗೆ ಬೀಳುತ್ತಿದ್ದರು.

"ನೀರ್ಯಾಕೆ ಹಳ್ದಿ?" ಎಂದಳು ಕುಳ್ಳಮ್ಮ.

"ಅರ್ಸಿಣ ಕಣ್ರೀ ಬೀಗ್ರೇ. ತಾಯಿಗೆ ಎರೀತೀವಲ್ಲ" ಎಂದಳು ದೊಡ್ಡತಾಯಮ್ಮ.

ಗಂಡ ಬದುಕಿದ್ದಾಗ ಏರಿಯ ಮೇಲೆ ನಡೆಸಿಕೊಂಡು ಹೋಗಿ ಹೇಳಿಕೊಟ್ಟಿದ್ದು ಕುಳ್ಳಮ್ಮನಿಗೆ ನೆನಪಿತ್ತು. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಅದು ಬೆವರು, ಹೆದರಬೇಕಾಗಿಲ್ಲ. ಬಗ್ಗಡ ಬಂತೆಂದರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ, ಆಗ ಊಟ ಬಿಟ್ಟು ಓಡಬೇಕು. ಈ ನೀರು ಬೆವರೋ, ಕರಗಿದ ಮಣ್ಣೋ? ಅರಿಶಿನ ಬೆರೆಸಿ ಕೂತವರ ಹತ್ತಿರ ಕೇಳುವುದು ಹೇಗೆ? ಕೂಸಿನ ತೊಟ್ಟಿಲು ಒರತೆಯಿಂದ ಇಪ್ಪತ್ತು ಮಾರು ದೂರದ ಗೋಡೆಯ ಪಕ್ಕದಲ್ಲಿ ತೂಗುತ್ತಿತ್ತು. ಅವಳಿಗೆ ನಿಜವಾಗಿಯೂ ಭಯವಾಯಿತು.

ಮಾರನೆಯ ದಿನ ಏರಿ ಹತ್ತಿದಳು. ದೋಣಿಗೆ ಟಾರು ಬಳಿಯಲು ಹುಣಸೂರಿನ ಬಡಗಿ ಖದೀರ್ ಸಾಬರು ಬಂದಿದ್ದರು. ಕಟ್ಟೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಬೇಕಾದ ಕೋಡಿಗೆ ತೇಗದ ಹಲಗೆ ಅಡ್ಡ ಬಡಿದಿದ್ದರು.

"ಇದ್ಯಾವನು ಮಾಡಿದ್ದು ಸಾಬ್ರೇ?"

"ನಾನೇ ಕಣಮ್ಮ. ನೀರು ಕಮ್ಮಿಯಾದ್ರೆ ದೋಣಿ ತಿರುಗಲ್ಲ ಅಂದ್ರು ಸಾಹೇಬ್ರು. ಹೊಡಿ ಅಂದ್ರು, ಹೊಡೆದೆ" ಎಂದರು ಖದೀರ್, ಕೈಯ ಕೆಲಸ ನಿಲ್ಲಿಸಿ. ಅವರ ಮುಖದಲ್ಲೂ ಸಮಾಧಾನವಿರಲಿಲ್ಲ.

ಭಾನುವಾರ ಶಿವನಂಜಪ್ಪನವರು ನೆಂಟರೊಡನೆ ಬಂದಾಗ ಕುಳ್ಳಮ್ಮ ನೇರವಾಗಿ ಎದುರು ನಿಂತು, ಏರಿ ಒಳಗೇ ಕರಗುತ್ತಿರಬಹುದು, ಕೋಡಿಯ ಹಲಗೆ ಕೀಳಿಸಿ ಎಂದಳು. ಅವರು ಸಿಟ್ಟಾಗಲಿಲ್ಲ, ನಕ್ಕರು. "ನೋಡಮ್ಮ, ಏರಿ ಮೇಲೆ ನನ್ನ ಮೋಟಾರು ನಿಂತಿದೆ. ಕುಸಿದಿದೆಯಾ? ಗಂಗಮ್ಮನೇ ಬಂದು ನಿಂತಿರೋ ಜಾಗ ಇದು" ಎಂದರು. ನೆಂಟರೂ ನಕ್ಕರು. ಶಿವನಂಜಪ್ಪನವರು ಒರತೆಗೆ ಸೀರೆ ಕಣ ಅರ್ಪಿಸಿದ್ದು ಬೇರೆ ಕುಳ್ಳಮ್ಮನ ಅನುಮಾನಕ್ಕೆ ಒಗ್ಗರಣೆ ಹಾಕಿತು. ಈ ಮನುಷ್ಯ ವಿಷಯ ಗೊತ್ತಿದ್ದೇ ದೇವರ ಸೆರಗಿನ ಹಿಂದೆ ಅಡಗಿದ್ದಾನೆ ಎಂದುಕೊಂಡಳು.

ಸಂಜೆ ಮಗಳಿಗೆ ಗಂಟು ಕಟ್ಟೆಂದಳು. ದೊಡ್ಡತಾಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ಕರ್ಕೊಂಡೋಗಿ, ಬ್ಯಾಡ ಅನ್ನಲ್ಲ. ಆದ್ರೆ ತಿರುಗಿ ಕಳಿಸ್ಬ್ಯಾಡಿ. ತಾಯಿ ಮೇಲೆ ನಂಬ್ಕೆ ಇಲ್ದೋರು ನಮ್ಮನೇಗೆ ಬ್ಯಾಡ." ಭಾಗ್ಯಮ್ಮ ಕೂಸನ್ನು ಎದೆಗವಚಿಕೊಂಡು, "ಅವ್ವ, ನನ್ ಬಾಳು ಹಾಳ್ ಮಾಡ್ಬ್ಯಾಡ ಕಣವ್ವ" ಎಂದು ಅತ್ತಳು. ಕರೆದೊಯ್ದರೆ ಮಗಳ ಸಂಸಾರ ಹೋಯಿತು, ಬಿಟ್ಟುಹೋದರೆ ಜೀವವೇ ಹೋದೀತು. ಕುಳ್ಳಮ್ಮ ಗಂಟು ಬಿಚ್ಚಿದಳು.

ಮರುದಿನ ಮಧ್ಯಾಹ್ನ ಒರತೆಯ ಹತ್ತಿರ ಏಳೆಂಟು ಹೆಂಗಸರು ಕೂತಿದ್ದರು. ಕುಳ್ಳಮ್ಮ ಎರಡು ಕಂಚಿನ ಬಟ್ಟಲು ಹಿಡಿದು ಬಂದಳು. ಒಂದರಲ್ಲಿ ಒರತೆಯ ನೀರು ತುಂಬಿದಳು. ಇನ್ನೊಂದಕ್ಕೆ ದೊಡ್ಡತಾಯಮ್ಮನ ಕೊಡದಲ್ಲಿ ಉಳಿದಿದ್ದ ಅರಿಶಿನದ ನೀರನ್ನೇ ಬಗ್ಗಿಸಿಕೊಂಡಳು. ಎರಡೂ ಹಳದಿ, ನೋಟಕ್ಕೆ ಅಕ್ಕತಂಗಿಯರು. ಆಮೇಲೆ ಸೊಂಟದ ಚೀಲದಿಂದ ಎಲೆಅಡಿಕೆಯ ಸುಣ್ಣ ತೆಗೆದಳು.

"ಏಯ್! ಎಂಜಲು ಸುಣ್ಣ, ಅದೂ ಮುಂಡೆ ಕೈಯಿಂದ!" ಎಂದು ಯಾರೋ ಕಿರುಚಿದರು.

"ಎಂಜ್ಲಾದ್ರೆ ನನ್ ಪಾಪ ನಂಗೆ. ಬೀಗ್ರೇ, ಆರತಿ ನೀರು ಕಲಸಿ ಕಲಸಿ ನಿಮ್ ಕೈಯೇ ಕೆಂಪಗಾಗೈತೆ. ಅರ್ಸಿಣಕ್ಕೆ ಸುಣ್ಣ ಹಾಕಿದ್ರೆ ಏನಾಯ್ತದೆ, ನೀವೇ ಹೇಳಿ."

ಕೊಡದ ನೀರಿಗೆ ಸುಣ್ಣ ಬಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಂಪಾಯಿತು. ಒರತೆಯ ನೀರಿಗೂ ಅಷ್ಟೇ ಸುಣ್ಣ ಹಾಕಿ ಬೆರಳಾಡಿಸಿದಳು. ಹಳದಿ ಹಳದಿಯಾಗಿಯೇ ಉಳಿಯಿತು. ಬೆಳಗ್ಗೆ ಎರೆದ ಅರಿಶಿನ ಹರಿಯುವ ನೀರಿನಲ್ಲಿ ಆಗಲೇ ಕೊಚ್ಚಿಹೋಗಿತ್ತು. ಬಟ್ಟಲ ತಳದಲ್ಲಿ ಸಣ್ಣ ಗರಸು ಇಳಿಯತೊಡಗಿತು.

ಉಳಿದವರು ಇನ್ನೂ ಅದೇನು ಎಂದು ನೋಡುತ್ತಿದ್ದರು. ಅದು ಅರಿಶಿನವಲ್ಲ, ಏರಿಯ ಮಣ್ಣು ಎಂದು ದೊಡ್ಡತಾಯಮ್ಮನಿಗೆ ಮಾತ್ರ ತಕ್ಷಣ ಅರ್ಥವಾಯಿತು. ಆಕೆ ಎದ್ದು, ಸೀರೆ ಎತ್ತಿಕಟ್ಟಿ ಏರಿ ಹತ್ತಿದಳು. ಹಿಂದೆಯೇ ಕುಳ್ಳಮ್ಮ. ಮೇಲಿದ್ದ ಖದೀರ್ ಸಾಬರು ಇಬ್ಬರ ಮುಖ ನೋಡಿ ಸುತ್ತಿಗೆ ಕೈಗೆತ್ತಿಕೊಂಡರು. "ಹಲಗೆ ಹೊಡ್ದೋನು ನಾನು, ಕೀಳೋನೂ ನಾನೇ. ಸಾಹೇಬ್ರು ಕೇಳಿದ್ರೆ ನನ್ನ ಹೆಸ್ರೇ ಹೇಳಿ" ಎಂದರು.

ಹಲಗೆ ಕಿತ್ತ ಮೇಲೆ ನೀರು ಎರಡು ದಿನ ಕೋಡಿಯಲ್ಲಿ ಭೋರೆಂದು ಹರಿಯಿತು. ಕಟ್ಟೆಯ ಮಟ್ಟ ಒಂದೂವರೆ ಮೊಳ ಇಳಿದಾಗ ಏರಿಯ ಒಳಮೈಯಲ್ಲಿ ಒಂದು ಬಿಲ ಬಾಯಿ ತೆರೆದುಕೊಂಡಿತು. ದೊಡ್ಡತಾಯಮ್ಮ ಬಗ್ಗಿ ತೋಳನ್ನು ಭುಜದವರೆಗೂ ತೂರಿಸಿದಳು. ಕೈಗೆ ಏನೂ ತಾಕಲಿಲ್ಲ. ಕೆಳಗೆ ಹಿತ್ತಿಲಲ್ಲಿ ಒರತೆ ಬತ್ತಿತ್ತು.

ಕುಳ್ಳಮ್ಮ ಗಂಗಮ್ಮನನ್ನು ಓಡಿಸಿದಳೆಂದು ಹಟ್ಟಿ ಬೈಯಿತು. ಶಿವನಂಜಪ್ಪನವರು ಖದೀರ್ ಸಾಬರನ್ನು ಕೆಲಸದಿಂದ ಬಿಡಿಸಿ, ಬಿಲಕ್ಕೆ ನಾಲ್ಕು ಪುಟ್ಟಿ ಮಣ್ಣು ತುರುಕಿಸಿ, ಬೇರೆ ಬಡಗಿಯ ಕೈಯಲ್ಲಿ ಹಲಗೆ ಮತ್ತೆ ಹೊಡೆಸಿದರು. ಇನ್ನೇನು ಮಾಡಬೇಕೆಂದು ಕುಳ್ಳಮ್ಮ ತೊಟ್ಟಿಲ ಪಕ್ಕ ಕೂತಿದ್ದಾಗ ದೊಡ್ಡತಾಯಮ್ಮ ಬೀದಿಯಲ್ಲಿ ನಿಂತು ಕೂಗಿ ಹೇಳಿದಳು: ಗಂಗಮ್ಮ ಕನಸಿನಲ್ಲಿ ಬಂದಿದ್ದಳು, ತಾನು ಹಟ್ಟಿಯಾಚೆಯ ದಿಬ್ಬದ ಮೇಲಕ್ಕೆ ಹೋಗಿದ್ದೇನೆ, ನೀವೂ ಅಲ್ಲಿಗೇ ಬನ್ನಿ ಎಂದಳು. ಹಾಗೆ ಹೇಳಿ ತೊಟ್ಟಿಲನ್ನು ತಾನೇ ತಲೆಯ ಮೇಲೆ ಹೊತ್ತು ಮೊದಲು ಹೊರಟಳು. ದೀಪಾವಳಿಯ ಹೊತ್ತಿಗೆ ಹನ್ನೆರಡು ಮನೆಯವರೂ ದಿಬ್ಬದ ಮೇಲಿದ್ದರು.

ಮೂರನೆಯ ಮಳೆಗಾಲದಲ್ಲಿ, ನಡುಹಗಲು, ಕಟ್ಟೆ ಒಡೆಯಿತು. ಹಳೆಯ ಹಟ್ಟಿಯ ಹನ್ನೆರಡು ಮನೆಗಳ ಗೋಡೆಯೂ ಉಳಿಯಲಿಲ್ಲ. ಜೀವಹಾನಿ ಒಂದೂ ಇಲ್ಲ.

ವಿಚಾರಣೆಗೆ ಅಮಲ್ದಾರರು ಬಂದರು. ಮಗಳನ್ನು ನೋಡಲು ಓಡಿಬಂದಿದ್ದ ಕುಳ್ಳಮ್ಮ ಕೋಡಿಯ ಹಲಗೆ, ಗರಸು, ಬಿಲ, ಮೋಟಾರಿನ ಮಾತು ಎಲ್ಲವನ್ನೂ ಹೇಳಿದಳು. ಹೇಳಿದ್ದನ್ನು ಗುಮಾಸ್ತ ಸರಿಯಾಗಿ ಬರೆದನೋ ಇಲ್ಲವೋ ಎಂದು ಎರಡು ಸಲ ಓದಿಸಿ ಕೇಳಿದಳು. ಎರಡನೆಯ ಸಲ ಹಲಗೆಯ ಮಾತು ಬಿಟ್ಟು ಓದಿದ್ದಕ್ಕೆ ಮತ್ತೆ ಓದಿಸಿದಳು.

ಅಮಲ್ದಾರರಿಗೆ ನಗು ಬಂತು. "ಸರಿ ಕಣಮ್ಮ. ಇವರೆಲ್ಲ ಮೊದಲೇ ಜಾಗ ಬಿಟ್ಟದ್ದು ಗಂಗಮ್ಮನ ಕನಸಿನಿಂದ ಅಂತಾರೆ. ನೀನು ನೀರಿನ ಕೆಲಸ ಬಲ್ಲವಳು. ನೀನೇನು ಹೇಳ್ತೀಯ?"

ಹಟ್ಟಿಯವರೆಲ್ಲ ಅವಳತ್ತ ನೋಡಿದರು. ದೊಡ್ಡತಾಯಮ್ಮ ಮಾತ್ರ ನೆಲ ನೋಡುತ್ತ ಕೂತಿದ್ದಳು. ಮೊಮ್ಮಗು ಅವಳ ಬಳೆ ಎಳೆದಾಡುತ್ತಿತ್ತು.

"ಊಂ ಸ್ವಾಮಿ, ಕನಸೇ" ಎಂದಳು ಕುಳ್ಳಮ್ಮ. "ನಮ್ ಬೀಗ್ತಿಗೆ ಬಿದ್ದಿತ್ತು."

ಗುಮಾಸ್ತ ಬರೆದುಕೊಂಡ. ಅದನ್ನು ಅವಳು ಓದಿಸಿ ಕೇಳಲಿಲ್ಲ.