ಕರು ಕೂಗು ನಿಲ್ಲಿಸಿದಾಗ

ಕಬ್ಬಿನ ಹೊಲದೊಳಗಿಂದ ಕೇಳುತ್ತಿದ್ದ ಎಮ್ಮೆಕರುವಿನ ಕೂಗು ತಟ್ಟನೆ ನಿಂತುಹೋಯಿತು. ಕಟಕೋಳದ ನನ್ನ ಚಿಕ್ಕಮ್ಮ ನೀಲವ್ವನ ಕರು ಅದು. ಹುಟ್ಟಿ ನಾಲ್ಕು ದಿನವಾಗಿತ್ತು, ಬೆಳಗಿನಿಂದ ಹಾಲು ಕುಡಿದಿರಲಿಲ್ಲ. ಬಿಸಿಲು ಏರುತ್ತಿತ್ತು. ಆಳೆತ್ತರದ ಕಬ್ಬಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಸಮುದ್ರದಲ್ಲಿ ಮೂರ್ನಾಲ್ಕು ಕಡೆ ಮೈಕು ಇಳಿಬಿಟ್ಟು, ತಿಮಿಂಗಿಲದ ದನಿ ಯಾವುದಕ್ಕೆ ಮೊದಲು ತಲುಪಿತೆಂದು ನೋಡಿ ಅದಿರುವ ಜಾಗ ಗುರುತಿಸುವುದು ವಿಶ್ವವಿದ್ಯಾಲಯದಲ್ಲಿ ನಾನು ಕಲಿತ ಕೆಲಸ. ಅದನ್ನೇ ಕರು ಹುಡುಕಲು ಬಂದಿದ್ದ ಎಲ್ಲರಿಗೂ ವಿವರಿಸಿ, ಹೊಲದ ಮೂರು ಮೂಲೆಗೆ ಜನರನ್ನು ನಿಲ್ಲಿಸಿದ್ದೆ. ಈಗ ಕೂಗೇ ಇಲ್ಲ. "ಇಲ್ಲಿಲ್ಲ, ಹಳ್ಳದ ಕಡೆ ಹೋಗಿರಬೇಕು" ಎಂದೆ.

"ಒದರಲಿಲ್ಲಂದ್ರ ಇಲ್ಲಂತೇನ? ನಿನ್ನ ತಿಮಿಂಗಿಲ ಹಗಲೆಲ್ಲಾ ಒದರಕೋತ ಇರತೈತೇನ ಬೇ?" ಎಂದು ಚಿಕ್ಕಮ್ಮ ರೇಗಿದಳು. ಮನೆಗೆ ಹೋಗಿ ತಾಯಿ ಎಮ್ಮೆಯನ್ನೇ ಹಿಡಿದು ತಂದು ಬದುವಿನ ಮೇಲೆ ನಿಲ್ಲಿಸಿದಳು. ಎಮ್ಮೆ ಒಮ್ಮೆ ಜೋರಾಗಿ ಕೂಗಿತು. ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲೇ, ಸಾಲುಗಳ ನಡುವಿನಿಂದ, ಬಳಲಿದ ದನಿಯೊಂದು ಓಗೊಟ್ಟಿತು. ಕರುವನ್ನು ಚಿಕ್ಕಮ್ಮ ಎತ್ತಿಕೊಂಡೇ ಹೊರಗೆ ಬಂದಳು. ನನ್ನ ಕಡೆ ನೋಡಲೂ ಇಲ್ಲ.

ಹತ್ತು ಹೆಜ್ಜೆಯೋ ಇಪ್ಪತ್ತೋ, ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ದನಿ ಸಿಗದ ಸಮುದ್ರಭಾಗಗಳ ಮೇಲೆಲ್ಲ ನಕ್ಷೆಯಲ್ಲಿ "ತಿಮಿಂಗಿಲ ಇಲ್ಲ" ಎಂದು ಬರೆದಿದ್ದು ನಾನೇ, ಅಕ್ಷರ ನನ್ನದೇ. ಈ ವಾರ ಆ ಹಾಳೆಗಳನ್ನು ಹೊರತೆಗೆದು, ಒಂದೊಂದನ್ನೇ "ಕೇಳಿಸಲಿಲ್ಲ" ಎಂದು ತಿದ್ದುತ್ತಿದ್ದೇನೆ.